ಹಿನ್ನೀರಿನಾಚೆಯ ಊರುಗಳು

ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದಿಂದ ಪಡುವಣ ದಿಕ್ಕಿಗೆ ಹೊರಟ ದಾರಿಯೊಂದು ಹೊಳೆಬಾಗಿಲು ಎಂಬಲ್ಲಿ ನೀರಿನ ಅಂಚನ್ನು ಮುಟ್ಟುತ್ತದೆ. ಅಲ್ಲಿಂದಾಚೆಗೆ ಕಣ್ಣು ಹಾಯುವಷ್ಟು ದೂರವೂ ಶರಾವತಿಯ ಹಿನ್ನೀರು. ನಡುನಡುವೆ ತಲೆಯೆತ್ತಿ ನಿಂತ ಹಸುರು ನಡುಗಡ್ಡೆಗಳು ಒಂದು ಕಾಲಕ್ಕೆ ಗುಡ್ಡಗಳ ನೆತ್ತಿಗಳಾಗಿದ್ದುವು. ಎದುರು ದಡದಲ್ಲಿರುವುದು ಕಳಸವಳ್ಳಿ. ಅದರ ಹಿಂದೆ ತುಮರಿ, ಸಿಗಂದೂರು, ಬ್ಯಾಕೋಡು, ಕಟ್ಟಿನಕಾರು ಮೊದಲಾದ ಹಳ್ಳಿಗಳು ಸಹ್ಯಾದ್ರಿಯ ಅಂಚಿನವರೆಗೆ ಚದುರಿಕೊಂಡಿವೆ. ಕರೂರು ಮತ್ತು ಬಾರಂಗಿ ಎಂಬ ಎರಡು ಹೋಬಳಿಗಳಿಗೆ ಸೇರಿದ ಈ ನೆಲ ಭೂಪಟದಲ್ಲಿ ಸಾಗರ ತಾಲ್ಲೂಕಿನ ಭಾಗವೇ ಆಗಿದ್ದರೂ, ಅರವತ್ತು ವರ್ಷಗಳ ಕಾಲ ಅಲ್ಲಿನವರ ಪಾಲಿಗೆ ತಾಲ್ಲೂಕು ಕಚೇರಿಯೆಂಬುದು ನೀರಿನಾಚೆಯ ದೂರದೇಶದಂತಿದ್ದಿತು.

ಬಯಲುಸೀಮೆಯವರು ಊರು ಎಂದೊಡನೆ ಒತ್ತಾಗಿ ಕಟ್ಟಿಕೊಂಡ ಮನೆಗಳು, ಬೀದಿ, ಅರಳಿಕಟ್ಟೆ, ಊರಬಾಗಿಲು ಇವುಗಳನ್ನು ನೆನೆಯುತ್ತಾರೆ. ಮಲೆನಾಡಿನ ಊರಿನ ಸ್ವರೂಪವೇ ಬೇರೆ. ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ನೀರಿನ ಸೆಲೆಯಿರುವೆಡೆ ಒಂದು ಅಡಕೆತೋಟ, ಅದರ ಮೇಲ್ಭಾಗದಲ್ಲಿ ಒಂದು ಮನೆ, ಕೆಳಗೆ ಭತ್ತದ ಗದ್ದೆ. ಮತ್ತೊಂದು ಮನೆಯನ್ನು ಕಾಣಬೇಕಾದರೆ ಒಂದು ಗುಡ್ಡವನ್ನು ಹತ್ತಿ ಇಳಿಯಬೇಕು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವುದೆಂದರೆ ಕಾಲುದಾರಿ, ಬೇಲಿಗೆ ಅಡ್ಡಗೋಲುಗಳನ್ನು ಸಿಕ್ಕಿಸಿ ಮಾಡಿದ ಉಣುಗೋಲು, ಹಳ್ಳಕ್ಕೆ ಅಡ್ಡಲಾಗಿ ಮರದ ದಿಮ್ಮಿ ಹಾಕಿದ ಸಂಕ, ಇವುಗಳನ್ನು ದಾಟಿ ಹೋಗುವುದು. ಜೂನ್ ತಿಂಗಳಲ್ಲಿ ಹಿಡಿದ ಮಳೆ ಸೆಪ್ಟೆಂಬರಿನವರೆಗೂ ಬಿಡುವುದು ಅಪರೂಪ. ಆ ದಿನಗಳಲ್ಲಿ ಕಂಬಳಿಕೊಪ್ಪೆ ಹೊದ್ದು, ಅಡಕೆಹಾಳೆಯ ಟೋಪಿ ಧರಿಸಿ ನಡೆಯುವ ಮನುಷ್ಯನಿಗೆ ಸಂಕ ಕೊಚ್ಚಿಹೋಯಿತೆಂದರೆ ಪಕ್ಕದ ಮನೆಯೂ ಪರಸ್ಥಳವಾಗುತ್ತಿತ್ತು. ಕಾಯಿಲೆ ಬಿದ್ದವರನ್ನು ಕಂಬಳಿಯ ಜೋಲಿ ಕಟ್ಟಿ, ಅದಕ್ಕೆ ಬಿದಿರು ಸೇರಿಸಿ, ಇಬ್ಬರು ಹೆಗಲುಕೊಟ್ಟು ಹೊತ್ತೊಯ್ಯುತ್ತಿದ್ದರು. ರಾತ್ರಿಯಾದರೆ ಅಡಕೆಯ ಒಣಸೋಗೆಯ ಸೂಡಿಯೇ ಬೆಳಕು.

ಇಂಥ ನೆಲದಲ್ಲಿ ಆಸ್ತಿಯೆಂದರೇನು ಎಂಬುದು ಅಷ್ಟು ಸುಲಭವಾಗಿ ಹೇಳಬಹುದಾದ ಸಂಗತಿಯಲ್ಲ. ತೋಟವೂ ಗದ್ದೆಯೂ ಆಸ್ತಿಯೆಂಬುದು ನಿಜ. ಆದರೆ ಕೇವಲ ಒಂದೆಕರೆ ತೋಟ ತಾನಾಗಿ ಬದುಕಲಾರದು. ಅಡಕೆಮರದ ಬುಡಕ್ಕೆ ವರ್ಷವರ್ಷವೂ ಹಸಿಸೊಪ್ಪನ್ನು ಹಾಸಬೇಕು. ಕೊಟ್ಟಿಗೆಗೆ ಸೊಪ್ಪು, ದರಗು ಬೇಕು. ಮಳೆಗಾಲದಲ್ಲಿ ಕೊಳೆರೋಗದಿಂದ ಕಾಯಿ ಉದುರದಂತೆ ಗೊನೆಗಳಿಗೆ ಕೊಟ್ಟೆ ಕಟ್ಟಬೇಕು ಇಲ್ಲವೆ ಮೈಲುತುತ್ತ ಮತ್ತು ಸುಣ್ಣದ ಔಷಧಿಯನ್ನು ಸಿಂಪಡಿಸಬೇಕು. ಈ ಸೊಪ್ಪು, ಉರುವಲು, ಬೇಲಿಯ ಮುಳ್ಳು, ನೇಗಿಲಿನ ಮರ ಎಲ್ಲವೂ ಬರುವುದು ತೋಟದ ನೆತ್ತಿಯ ಮೇಲಿರುವ ಸೊಪ್ಪಿನಬೆಟ್ಟದಿಂದ. ಆ ಬೆಟ್ಟದ ನೆಲ ಸರ್ಕಾರದ್ದು. ಅದರ ಸೊಪ್ಪಿನ ಹಕ್ಕು ಮಾತ್ರ ತೋಟದವನದು. ಅದರಾಚೆಗಿರುವ ಕಾನಿನಲ್ಲಿ ಕಾಡುಮೆಣಸು, ಉಪ್ಪಾಗೆ, ಜೇನು, ದಾಲ್ಚಿನ್ನಿ. ಹೀಗೆ ಮಲೆನಾಡಿಗನ ಆಸ್ತಿಯಲ್ಲಿ ಅವನ ಹೆಸರಿಗಿರುವುದಕ್ಕಿಂತ ಅವನ ಬಳಕೆಯಲ್ಲಿರುವುದೇ ಹೆಚ್ಚು. ಪಹಣಿಯ ಪುಸ್ತಕದಲ್ಲಿ ಮೊದಲನೆಯದು ಮಾತ್ರ ಕಾಣುತ್ತದೆ. ಮುಂದೆ ಬಂದೊದಗಿದ ಸಂಕಟಕ್ಕೆ ಈ ವ್ಯತ್ಯಾಸವೇ ಮೂಲವಾಯಿತು.

ಇನ್ನೂ ಒಂದು ಮಾತುಂಟು. ಗದ್ದೆಯಲ್ಲಿ ದುಡಿಯುತ್ತಿದ್ದವರು ಅನೇಕ ವೇಳೆ ಅದರ ಒಡೆಯರಾಗಿರಲಿಲ್ಲ. ದೀವರು ಮೊದಲಾದ ಸಮುದಾಯಗಳ ರೈತರು ತಲೆತಲಾಂತರದಿಂದ ಗೇಣಿಗೆ ಭೂಮಿ ಮಾಡುತ್ತಿದ್ದರು. ಸುಗ್ಗಿಯಾದ ಮೇಲೆ ಗೇಣಿಯ ಭತ್ತವನ್ನು ಒಡೆಯನ ಕೊಳಗದಿಂದ ಅಳೆದುಕೊಡಬೇಕು. ಆ ಕೊಳಗದ ಗಾತ್ರ ರೂಢಿಯ ಕೊಳಗಕ್ಕಿಂತ ದೊಡ್ಡದೆಂಬ ದೂರು ೧೯೫೧ರಲ್ಲಿ ಸಾಗರದ ಸಮೀಪದ ಕಾಗೋಡಿನಲ್ಲಿ ಸತ್ಯಾಗ್ರಹದ ರೂಪ ತಾಳಿತು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರು ಚಳವಳಿಗೆ ಧುಮುಕಿದರು. ರಾಮಮನೋಹರ ಲೋಹಿಯಾ ಅವರು ಉತ್ತರಭಾರತದಿಂದ ಬಂದು ಇಲ್ಲಿ ಬಂಧನಕ್ಕೊಳಗಾದರು. ಕೊಳಗದ ಅಳತೆಯಿಂದ ಮೊದಲಾದ ಜಗಳ ‘ಉಳುವವನೇ ಹೊಲದೊಡೆಯ’ ಎಂಬ ಬೇಡಿಕೆಯಾಗಿ ಬೆಳೆಯಿತು. ಆ ಬೇಡಿಕೆ ಕಾನೂನಾದುದು ೧೯೭೪ರ ಭೂಸುಧಾರಣೆಯ ತಿದ್ದುಪಡಿಯಿಂದ. ಈ ವರ್ಷವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಏಕೆಂದರೆ ಅದಕ್ಕೆ ಹತ್ತು ವರ್ಷ ಮೊದಲೇ ಶರಾವತಿಯ ಕಣಿವೆ ನೀರಿನಲ್ಲಿ ಮುಳುಗಿಹೋಗಿತ್ತು.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದ ಬಳಿ ಕಡಲನ್ನು ಸೇರುವ ಶರಾವತಿ ಸುಮಾರು ೧೨೮ ಕಿಲೋಮೀಟರು ಉದ್ದದ ಚಿಕ್ಕ ನದಿ. ಆದರೆ ಜೋಗದಲ್ಲಿ ೨೫೩ ಮೀಟರು ಆಳಕ್ಕೆ ಧುಮುಕುವ ಅದರ ರಭಸ ಇಂಜಿನಿಯರುಗಳ ಕಣ್ಣನ್ನು ಸೆಳೆಯದೆ ಇರಲಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿಯೇ ಮಡೆನೂರಿನ ಬಳಿ ಹಿರೇಭಾಸ್ಕರ ಎಂಬ ಅಣೆಕಟ್ಟಿನ ಕೆಲಸ ಮೊದಲಾಗಿ, ೧೯೪೮ರಲ್ಲಿ ಜೋಗದ ವಿದ್ಯುದಾಗಾರ ಚಾಲನೆಗೆ ಬಂದಿತು. ಆ ಅಣೆಕಟ್ಟಿನಿಂದ ಮುಳುಗಿದ ನೆಲ ಸ್ವಲ್ಪ. ಬಳಿಕ ಹೆಚ್ಚಿನ ವಿದ್ಯುತ್ತಿನ ಅವಶ್ಯಕತೆ ಕಂಡುಬರಲು, ಲಿಂಗನಮಕ್ಕಿಯಲ್ಲಿ ಎರಡೂಮುಕ್ಕಾಲು ಕಿಲೋಮೀಟರು ಉದ್ದದ ಹೊಸ ಕಟ್ಟೆಯನ್ನು ಕಟ್ಟಲಾಯಿತು. ೧೯೬೪ರಲ್ಲಿ ಅದು ಪೂರ್ಣಗೊಂಡಿತು. ಸಮುದ್ರಮಟ್ಟದಿಂದ ೧೮೧೯ ಅಡಿಗಳವರೆಗೆ ನೀರು ನಿಲ್ಲುವ ಈ ಜಲಾಶಯ ತುಂಬಿದಾಗ ಸುಮಾರು ೩೦೦ ಚದರ ಕಿಲೋಮೀಟರು ನೆಲವನ್ನು ಆವರಿಸುತ್ತದೆ. ಮೊದಲಿನ ಹಿರೇಭಾಸ್ಕರ ಅಣೆಕಟ್ಟೇ ಎರಡನೆಯ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಹದಿನಾರು ವರ್ಷ ದುಡಿದ ಕಟ್ಟೆಯೊಂದು ಹೀಗೆ ಜಲಸಮಾಧಿಯಾದುದು ವಿಚಿತ್ರವೇ ಸರಿ. ಬೇಸಗೆಯ ಕೊನೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಅದು ಇಂದಿಗೂ ಮೇಲೆದ್ದು ಕಾಣುತ್ತದೆ; ಅದರೊಂದಿಗೆ ಹಳೆಯ ದಾರಿಯೂ ಸತ್ತ ಮರಗಳ ಬೊಡ್ಡೆಗಳೂ ಕಾಣಿಸಿಕೊಳ್ಳುತ್ತವೆ.

ನೀರು ಮೊದಲು ತುಂಬಿದುದು ಕಣಿವೆಯನ್ನು. ಕಣಿವೆಯೆಂದರೆ ತೋಟ ಮತ್ತು ಗದ್ದೆ, ಎಂದರೆ ಅಲ್ಲಿನ ಅತ್ಯಂತ ಬೆಲೆಯುಳ್ಳ ನೆಲ. ಸಾವಿರಾರು ಕುಟುಂಬಗಳು ಮನೆಮಾರುಗಳನ್ನು ಬಿಟ್ಟು ಏಳಬೇಕಾಯಿತು. ಹೆಂಚು, ಪಕಾಸಿ, ಬಾಗಿಲು, ಕಂಬಗಳನ್ನು ಕಿತ್ತು, ದನಕರುಗಳೊಂದಿಗೆ ಲಾರಿಗಳಲ್ಲಿ ಹೇರಿ, ಶಿವಮೊಗ್ಗ ಜಿಲ್ಲೆಯ ಬೇರೆಬೇರೆ ಕಾಡುಗಳಲ್ಲಿ ಅವರನ್ನು ಇಳಿಸಲಾಯಿತು. ಪರಿಹಾರ ಸಂದುದು ದಾಖಲೆಯಲ್ಲಿದ್ದ ಹೆಸರಿಗೆ. ಅಡಕೆಮರಕ್ಕೆ ಇಷ್ಟು, ಗದ್ದೆಗೆ ಇಷ್ಟು, ಮನೆಗೆ ಇಷ್ಟು ಎಂದು ಬೆಲೆ ಕಟ್ಟಬಹುದು. ಸೊಪ್ಪಿನಬೆಟ್ಟಕ್ಕೆ, ಕಾನಿನ ಜೇನಿಗೆ, ಹಳ್ಳದ ಮೀನಿಗೆ ಬೆಲೆ ಕಟ್ಟುವವರಾರು? ಗೇಣಿಗೆ ದುಡಿಯುತ್ತಿದ್ದವನ ಗತಿಯಂತೂ ಇನ್ನೂ ಕಷ್ಟದ್ದು. ಮೂರು ತಲೆಮಾರು ಉತ್ತ ಗದ್ದೆ ಮುಳುಗಿದಾಗ ಕಾಗದದ ಮೇಲೆ ಅವನು ಕಳೆದುಕೊಂಡುದು ಏನೂ ಇರಲಿಲ್ಲ. ಹತ್ತು ವರ್ಷ ತಡೆದಿದ್ದರೆ ಅದೇ ಗದ್ದೆಗೆ ಅವನೇ ಒಡೆಯನಾಗಬಹುದಾಗಿತ್ತು. ಲೋಕೋಪಯೋಗಿ ಇಲಾಖೆಯಲ್ಲಿ ಉದ್ಯೋಗದಲ್ಲಿದ್ದು ಈ ಸೀಮೆಯ ಬದುಕನ್ನು ಹತ್ತಿರದಿಂದ ಕಂಡ ಸಾಗರದ ಲೇಖಕ ನಾ. ಡಿಸೋಜ (೧೯೩೭–೨೦೨೫) ಅವರು ‘ಮುಳುಗಡೆ’, ‘ದ್ವೀಪ’ ಎಂಬ ಕಾದಂಬರಿಗಳಲ್ಲಿ ಈ ಜನರ ಬಾಳನ್ನು ಚಿತ್ರಿಸಿದ್ದಾರೆ. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಚಲನಚಿತ್ರವಾಗಿಸಿದರು, ಅದು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು.

ಇತ್ತ ೧೯೬೫ರಿಂದ ಶರಾವತಿಯ ವಿದ್ಯುತ್ತು ಹರಿಯತೊಡಗಿತು. ಒಂದೊಂದಾಗಿ ಹತ್ತು ಘಟಕಗಳು ಸೇರಿ ೧೦೩೫ ಮೆಗಾವ್ಯಾಟ್ ಶಕ್ತಿಯ ಆ ವಿದ್ಯುದಾಗಾರ ದೀರ್ಘಕಾಲ ನಾಡಿನ ಕೈಗಾರಿಕೆಗೆ ಆಧಾರವಾಗಿದ್ದಿತು. ಬೆಟ್ಟಗಳನ್ನು ಹತ್ತಿಳಿದು ಬಂದ ಉಕ್ಕಿನ ಗೋಪುರಗಳ ಸಾಲು ಬೆಂಗಳೂರನ್ನು ಮುಟ್ಟಿತು. ನಗರದ ಪಶ್ಚಿಮದಲ್ಲಿ ರಾಜಾಜಿನಗರದ ಕೈಗಾರಿಕಾ ಎಸ್ಟೇಟು ಬೆಳೆಯುತ್ತಿದ್ದ ಕಾಲವದು. ಚಿಕ್ಕ ಚಿಕ್ಕ ಶೆಡ್ಡುಗಳಲ್ಲಿ ಲೇತುಗಳು ತಿರುಗಿದುವು, ಸಾವಿರಾರು ಜನರಿಗೆ ಅನ್ನವಾಯಿತು. ಇದನ್ನು ಅಲ್ಲಗಳೆಯುವಂತಿಲ್ಲ. ಅಲ್ಲಿಯೂ ಹಳ್ಳಿಗಳು ಮುಳುಗಿದುವು, ನೀರಿನಲ್ಲಲ್ಲ, ನಗರದಲ್ಲಿ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ, ಮಾರೇನಹಳ್ಳಿ, ಹೊಸಹಳ್ಳಿಗಳ ಹೊಲಗಳು ನಿವೇಶನಗಳಾಗಿ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳೆನಿಸಿದುವು. ಆದರೆ ಆ ಹಳ್ಳಿಗಳ ಎದುರಿಗೆ ರಸ್ತೆ ಬಂದಿತು, ಬಸ್ಸು ಬಂದಿತು, ದೀಪ ಬಂದಿತು. ಶರಾವತಿಯ ಹಿನ್ನೀರಿನಾಚೆ ಉಳಿದ ಊರುಗಳಲ್ಲಿಯೋ ಎಷ್ಟೋ ವರ್ಷಗಳ ಕಾಲ ಚಿಮಣಿಬುಡ್ಡಿಯೇ ಉರಿಯುತ್ತಿತ್ತು. ೨೦೧೯ರಲ್ಲಿ ಲಿಂಗನಮಕ್ಕಿಯ ನೀರನ್ನು ಕುಡಿಯುವ ಸಲುವಾಗಿ ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಕೇಳಿಬಂದಾಗ ಶಿವಮೊಗ್ಗ ಜಿಲ್ಲೆಯ ಜನ ಜುಲೈ ೧೦ರಂದು ಬಂದ್ ಆಚರಿಸಿದರು. ಅವರ ಸಿಟ್ಟು ಕುಡಿಯುವ ನೀರನ್ನು ಕೇಳಿದವರ ಮೇಲೆ ಮಾತ್ರ ಹುಟ್ಟಿದುದಾಗಿರಲಿಲ್ಲ.

ಮುಳುಗಿದವರ ಕಥೆ ಒಂದಾದರೆ ಮುಳುಗದೆ ಉಳಿದವರ ಕಥೆ ಮತ್ತೊಂದು. ತುಮರಿಯ ಸುತ್ತಣ ಊರುಗಳ ಎತ್ತರದ ನೆಲ ಉಳಿಯಿತು. ಅವುಗಳನ್ನು ಸಾಗರಕ್ಕೆ ಕೂಡಿಸುತ್ತಿದ್ದ ದಾರಿ ಮುಳುಗಿತು. ಮೂರು ಕಡೆ ನೀರು, ಇನ್ನೊಂದು ಕಡೆ ಕಾಡು ಮತ್ತು ಘಟ್ಟ. ನೆಲದ ಮೇಲೆಯೇ ಹೋಗಬೇಕೆಂದರೆ ಕೋಗಾರಿನ ಕಾಡುದಾರಿಯಲ್ಲಿ ಸುತ್ತಿ, ಕಾರ್ಗಲ್ಲು ಜೋಗಗಳ ಮಾರ್ಗವಾಗಿ ಸಾಗರವನ್ನು ಸೇರಬೇಕು. ಅದು ನೇರ ದಾರಿಗಿಂತ ಎಷ್ಟೋ ಪಟ್ಟು ದೂರ. ಆದುದರಿಂದ ಹಿನ್ನೀರನ್ನು ದಾಟುವುದೇ ಬದುಕಿನ ಕ್ರಮವಾಯಿತು. ಮೊದಮೊದಲು ದೋಣಿ, ಆಮೇಲೆ ಸರ್ಕಾರದ ಲಾಂಚು.

ಲಾಂಚು ಎಂಬ ಮಾತು ಈ ಸೀಮೆಯಲ್ಲಿ ಕನ್ನಡದ ಮಾತೇ ಆಗಿಹೋಗಿದೆ. ಅಗಲವಾದ ಉಕ್ಕಿನ ತೆಪ್ಪ. ಅದನ್ನು ಮುಂದೂಡುವ ಯಂತ್ರದ ದೋಣಿ. ತೆಪ್ಪದ ಮೇಲೆ ಬಸ್ಸು, ಜೀಪು, ಅಡಕೆಮೂಟೆ, ಅಕ್ಕಿಚೀಲ, ದನ, ಮದುವೆಯ ದಿಬ್ಬಣ, ಪರೀಕ್ಷೆಗೆ ಹೊರಟ ಹುಡುಗರು, ಸಿಗಂದೂರಿನ ಚೌಡೇಶ್ವರಿಯ ದರ್ಶನಕ್ಕೆ ಬಂದ ಯಾತ್ರಿಕರು ಎಲ್ಲರೂ ಒಟ್ಟಾಗಿ ನಿಲ್ಲುತ್ತಿದ್ದರು. ಹೊಳೆಬಾಗಿಲು–ಕಳಸವಳ್ಳಿಯಲ್ಲದೆ ಹಸಿರುಮಕ್ಕಿ, ಮುಪ್ಪಾನೆ ಮೊದಲಾದ ಕಡವುಗಳಲ್ಲಿಯೂ ಇಂಥ ಸೇವೆ ನಡೆಯಿತು. ನೋಡಲು ಬಂದವರಿಗೆ ಆ ಪಯಣ ಅತಿ ಮನೋಹರ. ದಿನವೂ ದಾಟುವವರ ಲೆಕ್ಕಾಚಾರ ಬೇರೆ. ಬೆಳಿಗ್ಗೆ ಮೊದಲ ಲಾಂಚು ತಪ್ಪಿದರೆ ಸಾಗರದ ಬಸ್ಸು ತಪ್ಪುತ್ತದೆ. ಕಚೇರಿಯಲ್ಲಿ ಗುಮಾಸ್ತರು ಊಟಕ್ಕೆ ಎದ್ದರೆ ಸಂಜೆಯ ಲಾಂಚು ತಪ್ಪುತ್ತದೆ. ಸಂಜೆಯದು ತಪ್ಪಿದರೆ ಆ ರಾತ್ರಿ ಸಾಗರದಲ್ಲಿ ಯಾರದಾದರೂ ಜಗಲಿಯೇ ಗತಿ. ಒಂದು ಪಹಣಿಯ ನಕಲಿಗೆ ಎರಡು ದಿನ ವ್ಯಯವಾಗುತ್ತಿತ್ತು. ಹಬ್ಬ ರಜೆಗಳಲ್ಲಿ ಯಾತ್ರಿಕರ ಕಾರುಗಳ ಸಾಲು ಮೈಲುದ್ದ ಬೆಳೆದಾಗ ಊರಿನವನೇ ತನ್ನ ಊರಿಗೆ ಹೋಗಲು ಗಂಟೆಗಟ್ಟಲೆ ಕಾಯಬೇಕಾಗುತ್ತಿತ್ತು. ಮಳೆ ತಡವಾದ ವರ್ಷಗಳಲ್ಲಿ ನೀರು ದಡವನ್ನು ಬಿಟ್ಟು ಇಳಿದು, ವಾಹನಗಳನ್ನು ಲಾಂಚಿಗೆ ಹತ್ತಿಸಲಾಗುತ್ತಿರಲಿಲ್ಲ. ೨೦೨೩ರ ಜೂನ್ ತಿಂಗಳಲ್ಲಿಯೂ ಹೀಗಾಯಿತು. ಇನ್ನು ರಾತ್ರಿಯ ಹೊತ್ತು ಹೆರಿಗೆಯ ನೋವು, ಹಾವಿನ ಕಡಿತ, ಎದೆನೋವು ಕಾಣಿಸಿಕೊಂಡ ಮನೆಗಳ ಪಾಡನ್ನು ಬಣ್ಣಿಸಬೇಕಾದುದಿಲ್ಲ. ಒಂದು ಹಳ್ಳಿ ‘ದೂರ’ವಾಗುವುದು ಮೈಲಿಗಳ ಲೆಕ್ಕದಿಂದಲ್ಲ, ಹೊತ್ತಿನ ಲೆಕ್ಕದಿಂದ ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಎದುರುದಡ ಕಾಣುತ್ತಲೇ ಇರುತ್ತದೆ. ತಲುಪಲು ಮಾತ್ರ ಬೆಳಗಾಗಬೇಕು.

ಇದು ಕರ್ನಾಟಕದ ಒಂದು ಮೂಲೆಗೆ ಮಾತ್ರ ಸೀಮಿತವಾದ ಅನುಭವವೆಂದು ಭಾವಿಸಬಾರದು. ಕಡಲಾಚೆಯ ಇಂಡೋನೇಷ್ಯದಲ್ಲಿ, ಮಧ್ಯ ಜಾವದ ಕೆಡುಂಗ್ ಓಂಬೋ ಎಂಬಲ್ಲಿ ಕಟ್ಟಿದ ಅಣೆಕಟ್ಟಿಗೆ ೧೯೮೯ರ ಜನವರಿಯಲ್ಲಿ ನೀರು ತುಂಬಿಸಲಾಯಿತು. ಐದು ಸಾವಿರಕ್ಕೂ ಮಿಕ್ಕ ಕುಟುಂಬಗಳ ನೆಲ ಅದಕ್ಕೆ ಸಂದಿತು. ಭತ್ತದ ಗದ್ದೆ, ತೆಂಗು, ಬಾಳೆಗಳ ನಡುವಿನ ಆ ಊರುಗಳ ಬಾಳು ಮಲೆನಾಡಿಗರಿಗೆ ಅಪರಿಚಿತವಾದುದಲ್ಲ. ಅಲ್ಲಿನ ಹಳ್ಳಿಗರಲ್ಲಿ ಅನೇಕರಿಗೆ ಭೂಮಿಯ ಒಡೆತನಕ್ಕಿದ್ದ ಆಧಾರ, ತಂದೆ ತಾತಂದಿರು ತೆತ್ತ ಕಂದಾಯದ ಚೀಟಿ ಮಾತ್ರ. ಅದನ್ನು ‘ಗಿರಿಕ್’ ಎನ್ನುತ್ತಾರೆ. ಕೊಟ್ಟ ಪರಿಹಾರ ತೀರ ಕಡಿಮೆಯೆಂದು ಕೆಲವರು ಏಳಲೊಪ್ಪದೆ ನೀರಿನಂಚಿನಲ್ಲಿಯೇ ಉಳಿದರು. ಪಾದ್ರಿಯೂ ವಾಸ್ತುಶಿಲ್ಪಿಯೂ ಸಾಹಿತಿಯೂ ಆಗಿದ್ದ ಮಾಂಗುನ್‌ವಿಜಯ ಎಂಬವರು ಅಲ್ಲಿನ ಮಕ್ಕಳ ನೆರವಿಗೆ ನಿಂತರು. ದೇಶದ ಸರ್ವೋಚ್ಚ ನ್ಯಾಯಾಲಯ ಮೊದಲು ಹಳ್ಳಿಗರ ಪರವಾಗಿ ತೀರ್ಪಿತ್ತು, ೧೯೯೪ರಲ್ಲಿ ಅದನ್ನು ತಾನೇ ತಿರುಗಿಸಿತು. ಕಂದಾಯದ ಚೀಟಿಗೂ ಭೂಮಿಗೂ ನಡುವಿನ ಅಂತರವನ್ನು ಅರಿಯಲು ಜಾವದವರೆಗೆ ಹೋಗಬೇಕಾಗಿಲ್ಲವೆಂಬುದನ್ನು ಶರಾವತಿಯ ಸಂತ್ರಸ್ತರು ಬಲ್ಲರು.

ಲಾರಿಗಳಲ್ಲಿ ಬಂದಿಳಿದವರು ಕಾಡನ್ನು ಕಡಿದು ಗದ್ದೆ ಮಾಡಿದರು, ಬಾವಿ ತೋಡಿದರು, ಅಡಕೆ ನೆಟ್ಟರು. ಸರ್ಕಾರವೇ ತೋರಿಸಿದ ನೆಲ. ಆದರೆ ಅರಣ್ಯ ಇಲಾಖೆಯ ಪುಸ್ತಕದಲ್ಲಿ ಅದರ ಹೆಸರು ಅರಣ್ಯವೆಂದೇ ಉಳಿಯಿತು. ಅಂದಿನ ಅಧಿಕಾರಿಗಳಿಗೆ ಅದೊಂದು ಬರವಣಿಗೆಯ ಬಾಕಿ ಎನಿಸಿದ್ದೀತು. ೧೯೮೦ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದುದರಿಂದ ಪರಿಸ್ಥಿತಿ ಬದಲಾಯಿತು. ಅರಣ್ಯಭೂಮಿಯನ್ನು ಬೇರೆ ಉದ್ದೇಶಕ್ಕೆ ಬಿಡಲು ಅಲ್ಲಿಂದಾಚೆಗೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು. ಆ ಕಾಯ್ದೆ ನಾಡಿನ ಕಾಡುಗಳನ್ನು ಉಳಿಸಿತೆಂಬುದರಲ್ಲಿ ಸಂದೇಹವಿಲ್ಲ. ಹಾಗೆಯೇ ಹದಿನೈದಿಪ್ಪತ್ತು ವರ್ಷ ಮೊದಲು ಕೊಟ್ಟ ನೆಲವನ್ನು ಕಾಗದದಲ್ಲಿ ಕೊಡುವ ಬಾಗಿಲನ್ನೂ ಅದು ಮುಚ್ಚಿತು. ೨೦೦೬ರ ಅರಣ್ಯಹಕ್ಕು ಕಾಯ್ದೆ ನೆರವಾದೀತೆಂದರೆ, ಪರಿಶಿಷ್ಟ ಪಂಗಡದವರಲ್ಲದವರು ಅಲ್ಲಿ ಮೂರು ತಲೆಮಾರು, ಎಂದರೆ ಎಪ್ಪತ್ತೈದು ವರ್ಷ, ಕಾಡನ್ನು ಆಶ್ರಯಿಸಿ ನೆಲೆಸಿದ್ದುದನ್ನು ತೋರಿಸಬೇಕು. ೧೯೬೦ರ ದಶಕದಲ್ಲಿ ಸರ್ಕಾರವೇ ತಂದು ಇಳಿಸಿದವರು ಆ ಲೆಕ್ಕವನ್ನು ತುಂಬುವುದೆಂತು? ರಾಜ್ಯ ಸರ್ಕಾರ ೨೦೧೭ರ ಸುಮಾರಿಗೆ ಆ ನೆಲಗಳನ್ನು ಅರಣ್ಯದ ಪಟ್ಟಿಯಿಂದ ಬಿಡಿಸುವ ಆಜ್ಞೆಗಳನ್ನು ಹೊರಡಿಸಿತು. ಕೇಂದ್ರದ ಒಪ್ಪಿಗೆ ಪಡೆದಿಲ್ಲವೆಂಬ ಕಾರಣದಿಂದ ೨೦೨೧ರಲ್ಲಿ ಹೈಕೋರ್ಟು ಅಂಥದೊಂದು ಆಜ್ಞೆಯನ್ನು ರದ್ದುಗೊಳಿಸಿತು. ಅದೇ ವರ್ಷ ಉಳಿದವನ್ನೂ ಸರ್ಕಾರ ಹಿಂತೆಗೆದುಕೊಂಡಿತು. ಪಹಣಿಯಿಲ್ಲದ ಭೂಮಿಗೆ ಬೆಳೆಸಾಲವಿಲ್ಲ. ಅದನ್ನು ಮಾರುವಂತಿಲ್ಲ, ಮಕ್ಕಳ ಹೆಸರಿಗೆ ಬರೆಯುವಂತಿಲ್ಲ. ಮುಳುಗಡೆಯನ್ನು ಕಣ್ಣಾರೆ ಕಂಡವರಲ್ಲಿ ಬಹುಮಂದಿ ಆ ಕಾಗದವನ್ನು ನೋಡದೆಯೇ ತೀರಿಹೋದರು.

ಹಿನ್ನೀರಿಗೆ ಸೇತುವೆ ಬೇಕೆಂಬ ಕೂಗು ಕರೂರು–ಬಾರಂಗಿ ಸೀಮೆಯಲ್ಲಿ ದಶಕಗಳಷ್ಟು ಹಳೆಯದು. ಮನವಿಗಳು, ಪಾದಯಾತ್ರೆಗಳು, ಚುನಾವಣೆಯ ಮಾತುಗಳು ಒಂದರ ಹಿಂದೊಂದು ಬಂದುವು. ಕೊನೆಗೆ ೨೦೧೮ರಲ್ಲಿ ಶಂಕುಸ್ಥಾಪನೆಯಾಗಿ, ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಮಿಕ್ಕಿದ ಉದ್ದದ, ಎತ್ತರದ ಕಂಬಗಳಿಂದ ಇಳಿಬಿಟ್ಟ ಉಕ್ಕಿನ ಹುರಿಗಳು ಎತ್ತಿಹಿಡಿದ ಸೇತುವೆ ನಾನೂರು ಕೋಟಿ ರೂಪಾಯಿಗೂ ಮೀರಿದ ವೆಚ್ಚದಲ್ಲಿ ಸಿದ್ಧವಾಯಿತು. ೨೦೨೫ರ ಜುಲೈ ೧೪ರಂದು ಕೇಂದ್ರ ಸಚಿವ ನಿತಿನ್ ಗಡ್ಕರಿಯವರು ಅದನ್ನು ಉದ್ಘಾಟಿಸಿದರು. ಲಾಂಚಿಗಾಗಿ ಅರ್ಧದಿನ ಕಾದ ಜನ ಅಂದು ಕೆಲವು ನಿಮಿಷಗಳಲ್ಲಿ ನೀರನ್ನು ದಾಟಿದರು. ವಯಸ್ಸಾದ ಕೆಲವರು ವಾಹನದಿಂದ ಇಳಿದು ನಡೆದೇ ಹೋದರು.

ಸೇತುವೆಯಿಂದ ನೆಲದ ಬೆಲೆ ಏರುತ್ತದೆ. ಹೊರಗಿನಿಂದ ಕೊಳ್ಳುವವರು ಬರುತ್ತಾರೆ. ಊರಿನ ಹುಡುಗರು ಸಾಗರದ ಕಾಲೇಜಿಗೆ ಹೋಗಿ ಸಂಜೆಗೆ ಮನೆಗೆ ಮರಳುತ್ತಾರೆ. ರಾತ್ರಿಯ ರೋಗಿಗೆ ಬೆಳಗಾಗುವವರೆಗೆ ಕಾಯುವ ಅಗತ್ಯವಿಲ್ಲ. ಸಂತ್ರಸ್ತರ ಭೂಮಿಯ ಕಡತಗಳಿಗೆ ಮಾತ್ರ ಇಂಥ ದಾರಿ ದೊರೆತಿಲ್ಲ. ಅವು ದಾಟಬೇಕಾದುದು ಹಿನ್ನೀರನ್ನಲ್ಲ. ಸಾಗರದಿಂದ ಶಿವಮೊಗ್ಗಕ್ಕೆ, ಶಿವಮೊಗ್ಗದಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ದೆಹಲಿಗೆ ಹೋಗಬೇಕು, ಮತ್ತೆ ಅದೇ ದಾರಿಯಲ್ಲಿ ಮರಳಿ ಬರಬೇಕು.